ಬೇವಿನ ಎಲೆ ಹಾಕಿದರೂ ತೊಗರಿಗೆ ನುಸಿ ಹತ್ತುವುದೇಕೆ?

ಪ್ರಶ್ನೆ: ಸಂಕ್ರಾಂತಿಯ ಹೊತ್ತಿಗೆ ರಾಶಿ ಮುಗಿಸಿ, ತೊಗರಿಯ ಚೀಲಗಳಲ್ಲಿ ಬೇವಿನ ಎಲೆ ಹಾಕಿ ಕಟ್ಟಿಟ್ಟಿದ್ದೆವು. ಯುಗಾದಿ ದಾಟುವಷ್ಟರಲ್ಲಿ ಕಾಳೆಲ್ಲ ತೂತಾಗಿದೆ. ಎಲೆ ಕಡಿಮೆಯಾಯಿತೇ? (ಆಳಂದ ತಾಲೂಕಿನ ಓದುಗರು)

ಉತ್ತರ: ಎಲೆ ಎರಡು ಪಟ್ಟು ಹಾಕಿದ್ದರೂ ಇದೇ ಆಗುತ್ತಿತ್ತು. ಪ್ರತಿ ಬೇಸಿಗೆಯಲ್ಲಿ ಇದೇ ಪ್ರಶ್ನೆ ಬರುತ್ತಿರುವುದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ.

ಬೇವಿನ ವಾಸನೆಗೆ ಹುಳು ಓಡಿಹೋಗುತ್ತದೆ ಎಂಬ ನಂಬಿಕೆಯೇ ತಪ್ಪು. 1968ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದ ಅಜಾಡಿರಕ್ಟಿನ್ ಎಂಬ ಕಹಿ ಅಂಶವು ಮುಖ್ಯವಾಗಿ ಹುಳುವಿನ ಹೊಟ್ಟೆ ಸೇರಿದಾಗ ಅದರ ಬೆಳವಣಿಗೆಯನ್ನು ಕೆಡಿಸುತ್ತದೆ. ಅದು ಹೇರಳವಾಗಿರುವುದು ಬೀಜದ ತಿರುಳಿನಲ್ಲಿಯೇ ಹೊರತು ಎಲೆಯಲ್ಲಲ್ಲ, ಆವಿಯಾಗಿ ಚೀಲವನ್ನು ತುಂಬುವ ಗುಣವೂ ಅದಕ್ಕಿಲ್ಲ. ಇನ್ನು ನೀವು ನುಸಿ ಎನ್ನುವ ಈ ಹುಳು, ಅಂದರೆ ಕಾಳಿನ ದುಂಬಿಯ ನಡತೆಯನ್ನು ನೋಡಿ. ಹಾರಾಡುವ ದುಂಬಿ ಕಾಳನ್ನು ತಿನ್ನುವುದೇ ಇಲ್ಲ. ಹೊಲದಲ್ಲಿ ಕಾಯಿ ಒಣಗುವಾಗಲೇ ಅದು ಬಂದು ಮೊಟ್ಟೆಯನ್ನು ಅಂಟಿಸುತ್ತದೆ. ಮರಿ ಒಳಕ್ಕೆ ಕೊರೆದುಕೊಂಡು ಹೋಗಿ, ಬೇಸಿಗೆಯಲ್ಲಾದರೆ ಸುಮಾರು ಒಂದು ತಿಂಗಳಲ್ಲಿ ದುಂಬಿಯಾಗಿ ತೂತು ಬಿಟ್ಟು ಹೊರಬರುತ್ತದೆ. ಕಾಳಿನೊಳಗೆ ಕುಳಿತ ಮರಿಗೆ ಚೀಲದ ಬಾಯಲ್ಲಿ ಬಾಡುತ್ತಿರುವ ಎಲೆ ಏನು ಮಾಡೀತು? ಹಸಿ ಎಲೆಯಾದರಂತೂ ಅದರ ತೇವದಿಂದ ಬೂಷ್ಟು ಬರುತ್ತದೆ. "ನಮ್ಮ ಅಜ್ಜಿ ಹಾಕುತ್ತಿದ್ದಳಲ್ಲ" ಎನ್ನುತ್ತೀರಿ. ಅಜ್ಜಿ ಎಲೆ ಹಾಕುವ ಮೊದಲು ಕಾಳು ಹಲ್ಲಿಗೆ ಕಟ್ಟೆನ್ನುವವರೆಗೆ ಮಾಳಿಗೆಯ ಮೇಲೆ ಒಣಗಿಸುತ್ತಿದ್ದಳು. ಬಿಸಿಲಿನ ಕೆಲಸಕ್ಕೆ ಹೆಸರು ಬೇವಿಗೆ ಬಂದಿದೆ.

ಬೇವನ್ನೇ ಬಳಸುವುದಾದರೆ, ಬಿತ್ತನೆಗಿಡುವ ತೊಗರಿಯನ್ನು ಚೆನ್ನಾಗಿ ಒಣಗಿಸಿ ಆರಿಸಿದ ಮೇಲೆ, ಕಿಲೋಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಪ್ರತಿ ಕಾಳಿಗೂ ಹತ್ತುವಂತೆ ತಿಕ್ಕಿರಿ. ಎಣ್ಣೆಯ ಪದರ ಮೊಟ್ಟೆಗೆ ಗಾಳಿ ಸಿಗದಂತೆ ಮಾಡುತ್ತದೆ. ಊಟಕ್ಕಿಡುವ ಕಾಳಿಗೆ ಅಷ್ಟೇ ಪ್ರಮಾಣದ ಶೇಂಗಾ ಎಣ್ಣೆ ಸಾಕು. ಬಜೆಯ ಪುಡಿಯೂ ಪರಿಣಾಮಕಾರಿಯೇ, ಆದರೆ ಅದರಲ್ಲಿರುವ ಅಸರೋನ್ ಆರೋಗ್ಯಕ್ಕೆ ಒಳ್ಳೆಯದಲ್ಲವಾದ್ದರಿಂದ ಅದು ಬೀಜಕ್ಕಷ್ಟೇ ಇರಲಿ.

ನೀವು ಕೇಳದ ಮಾತೊಂದನ್ನೂ ಹೇಳಿಬಿಡುತ್ತೇನೆ. ಈ ದುಂಬಿ ಮೊಟ್ಟೆಯಿಡಲು ಬಯಸುವುದು ಸಿಪ್ಪೆಯಿರುವ ನುಣುಪಾದ ಇಡೀ ಕಾಳನ್ನು; ಸಿಪ್ಪೆ ತೆಗೆದು ಒಡೆದ ಬೇಳೆಗೆ ಅದರ ಕಾಟ ಬಹಳ ಕಡಿಮೆ. ಆದ್ದರಿಂದ ಮನೆಖರ್ಚಿನ ತೊಗರಿಯನ್ನು ತಡಮಾಡದೆ ಬೇಳೆ ಮಾಡಿಸಿಡಿ, ನುಚ್ಚನ್ನು ಮಾತ್ರ ಕೇರಿ ತೆಗೆಯಿರಿ, ಏಕೆಂದರೆ ನುಚ್ಚಿಗೆ ಬರುವ ಕೆಂಪು ಹಿಟ್ಟಿನ ಹುಳು ಬೇರೆಯೇ ಜಾತಿಯದು.