ಆಟಕ್ಕೆ ನೆನಪಿರುವುದು, ಆಟಗಾರನಿಗೆ ನೆನಪಿರುವುದು

2015ರ ಮೇ ತಿಂಗಳಲ್ಲಿ ಬಿಡುಗಡೆಯಾದ ದಿ ವಿಚರ್ 3 ಆಟದ ಆರಂಭದ ಭಾಗದಲ್ಲಿ, ಕಥಾನಾಯಕ ಗೆರಾಲ್ಟ್ ಅರಮನೆಯೊಂದರಲ್ಲಿ ಕುಳಿತು ಗಡ್ಡ ಬೋಳಿಸಿಕೊಳ್ಳುವ ದೃಶ್ಯವೊಂದಿದೆ. ಬಳಿಯಲ್ಲಿರುವ ಸೇನಾಧಿಕಾರಿ ಅವನ ಗತಕಾಲವನ್ನು ಒಂದೊಂದಾಗಿ ಕೆದಕುತ್ತಾನೆ: ಕೋಟೆಯ ಮುತ್ತಿಗೆಯಲ್ಲಿ ಆ ಯುವ ಸರದಾರನನ್ನು ಕೊಂದೆಯೋ ಬಿಟ್ಟೆಯೋ, ಆಮೇಲೆ ಯಾರ ಪಕ್ಷ ಸೇರಿದೆ, ರಾಜಹಂತಕನನ್ನು ಏನು ಮಾಡಿದೆ? ಮೇಲ್ನೋಟಕ್ಕೆ ಇದು ಬರಿಯ ಸಂಭಾಷಣೆಯಂತೆ ಕಂಡರೂ ನಿಜದಲ್ಲಿ ದತ್ತಾಂಶ ಸಂಗ್ರಹಣೆಯಾಗಿದೆ. 2011ರಲ್ಲಿ ಬಂದ ಹಿಂದಿನ ಭಾಗದ ಸೇವ್ ಫೈಲ್ (ಆಟದ ಸ್ಥಿತಿಯನ್ನು ಉಳಿಸಿಡುವ ಕಡತ) ಕೈಯಲ್ಲಿಲ್ಲದ ಆಟಗಾರನಿಂದ ಆ ಭಾಗದ ಮುಖ್ಯ ತೀರ್ಮಾನಗಳನ್ನು ಕೇಳಿ ತಿಳಿಯುವುದಕ್ಕಾಗಿಯೇ ಈ ದೃಶ್ಯವನ್ನು ಹೆಣೆಯಲಾಗಿದೆ. ಹಿಂದಿನ ಭಾಗವನ್ನು ಕೊನೆಯವರೆಗೆ ಆಡಿದ್ದ ನಾನು ಐದಾರು ಪ್ರಶ್ನೆಗಳಲ್ಲಿ ಎರಡಕ್ಕೆ ಊಹೆಯ ಉತ್ತರ ಕೊಟ್ಟೆ. ಒಂದಕ್ಕೆ ಕೊಟ್ಟ ಉತ್ತರವಂತೂ ತಪ್ಪೆಂದು ಈಗ ಖಚಿತವಾಗಿದೆ.

ಇಂಥ ಮುಜುಗರವನ್ನು ತಪ್ಪಿಸಿಕೊಳ್ಳುವ ಸಲುವಾಗಿಯೇ ಹಲವರು ಸರಣಿಯ ಹೊಸ ಭಾಗ ಬರುವ ಮುನ್ನ ಹಳೆಯ ಆಟಗಳತ್ತ ಮರಳುತ್ತಾರೆ. ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು, ಅದನ್ನು ಹಂತಹಂತವಾಗಿ ಬೆಳೆಸುತ್ತಾ, ಕಥೆಯ ಕವಲುಗಳಲ್ಲಿ ತೀರ್ಮಾನ ಕೈಗೊಳ್ಳುತ್ತಾ ಸಾಗುವ ರೋಲ್ ಪ್ಲೇಯಿಂಗ್ ಆಟಗಳಲ್ಲಿ, ಅಂದರೆ ಆಡುವವರ ಬಾಯಲ್ಲಿ ಆರ್‌ಪಿಜಿಗಳಲ್ಲಿ, ಎರಡು ಭಾಗಗಳ ನಡುವಿನ ಅಂತರ ಬಹಳ ದೊಡ್ಡದು. ಬಾಲ್ಡರ್ಸ್ ಗೇಟ್‌ನ ಎರಡನೆಯ ಭಾಗ 2000ದಲ್ಲಿ ಬಂದರೆ ಮೂರನೆಯದು ಬಂದದ್ದು 2023ರ ಆಗಸ್ಟ್‌ನಲ್ಲಿ. ದಿ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಐದನೆಯ ಭಾಗವಾದ ಸ್ಕೈರಿಮ್ 2011ರ ನವೆಂಬರ್‌ನಲ್ಲಿ ಬಂದಿತು. ಆರನೆಯ ಭಾಗದ ಮೊದಲ ತುಣುಕನ್ನು 2018ರ ಜೂನ್‌ನಲ್ಲಿ ತೋರಿಸಲಾಯಿತು. ಇಷ್ಟು ವರ್ಷಗಳ ಬಳಿಕ ಕಥೆಯನ್ನು ನೆನಪಿಗೆ ತಂದುಕೊಳ್ಳಲೆಂದು ಹಳೆಯ ಆಟವನ್ನು ತೆರೆದವನಿಗೆ ಮೊದಲು ಮರಳಿ ಬರುವುದು ಕಥೆಯಲ್ಲ, ಬೇರೆಯದೇ ಏನೋ. ಆಟವು ಯಾವುದನ್ನು ಜೋಪಾನವಾಗಿ ಬರೆದಿಟ್ಟುಕೊಂಡಿರುತ್ತದೆಯೋ ಅದನ್ನು ಆಟಗಾರ ಮರೆತಿರುತ್ತಾನೆ, ಆಟಗಾರ ಉಳಿಸಿಕೊಂಡದ್ದು ಆಟದ ಯಾವ ಫೈಲಿನಲ್ಲೂ ಇರುವುದಿಲ್ಲ.

ಆಟದ ನೆನಪು ಎಷ್ಟು ಕಿರಿದಾಗಿರಬಲ್ಲದು ಎಂಬುದಕ್ಕೆ 1986ರಲ್ಲಿ ಜಪಾನಿನಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಆಟವನ್ನು ತುಂಬಿ ಮಾರುತ್ತಿದ್ದ, ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಜ್ ಎಂಬ ಡಬ್ಬಿಯಲ್ಲಿ ಆಟದ ಸ್ಥಿತಿಯನ್ನು ಬರೆದಿಡಲು ಜಾಗವೇ ಇರಲಿಲ್ಲ. ಆದ್ದರಿಂದ ಆಟ ನಿಲ್ಲಿಸುವಾಗ ರಾಜನು 20 ಜಪಾನಿ ಅಕ್ಷರಗಳ ಒಂದು ಮಂತ್ರವನ್ನು ಹೇಳುತ್ತಿದ್ದ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದಿನ ಸಲ ಟೈಪ್ ಮಾಡಿದರೆ ಆಟ ಮುಂದುವರಿಯುತ್ತಿತ್ತು. ಒಂದೊಂದು ಅಕ್ಷರವೂ 64 ಅಕ್ಷರಗಳ ಪೈಕಿ ಒಂದಾಗಿದ್ದುದರಿಂದ ಅದರಲ್ಲಿ 6 ಬಿಟ್ ಮಾಹಿತಿ ಹಿಡಿಯುತ್ತಿತ್ತು, ಒಟ್ಟು 120 ಬಿಟ್, ಅಂದರೆ ಕೇವಲ 15 ಬೈಟ್. ಇದರಲ್ಲಿ ನಾಯಕನ ನಾಲ್ಕಕ್ಷರದ ಹೆಸರಿಗೆ 24 ಬಿಟ್, ಅನುಭವಾಂಕಕ್ಕೆ 16, ಕೈಯಲ್ಲಿರುವ ಹಣಕ್ಕೆ 16. ಉಳಿದ ಬಿಟ್‌ಗಳಲ್ಲಿ ಆಯುಧ, ರಕ್ಷಾಕವಚ, ಚೀಲದ ಸಾಮಾನು, ಮತ್ತು ಕಾವಲಿನ ಗೋಲೆಮ್ ಸತ್ತಿದೆಯೇ ಇಲ್ಲವೇ ಎಂಬಂಥ ಕೆಲವೇ ಹೌದು-ಅಲ್ಲಗಳು. ಕೊನೆಗೆ, ಬರೆದುಕೊಳ್ಳುವಾಗ ಕೈತಪ್ಪಾಗಿದೆಯೇ ಎಂದು ಪರೀಕ್ಷಿಸುವ 8 ಬಿಟ್‌ಗಳ ತಾಳೆ ಸಂಖ್ಯೆ. ಒಂದಕ್ಷರ ತಪ್ಪಿದರೆ ಮಂತ್ರ ಸರಿಯಿಲ್ಲವೆಂದು ಆಟ ಬಾಗಿಲು ಹಾಕುತ್ತಿತ್ತು, ವಾರಗಳ ಶ್ರಮವೂ ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲಿ ಬರೆದಿಡದೆ ಬಿಟ್ಟದ್ದೇ ಹೆಚ್ಚು ಕುತೂಹಲಕರ. ನಾಯಕ ಎಷ್ಟನೆಯ ಮಟ್ಟದಲ್ಲಿದ್ದಾನೆ ಎಂಬುದನ್ನು ಬರೆಯುವ ಅಗತ್ಯವಿಲ್ಲ, ಏಕೆಂದರೆ ಅನುಭವಾಂಕದಿಂದ ಅದನ್ನು ಲೆಕ್ಕ ಹಾಕಬಹುದು. ಅವನ ಬಲ, ಚುರುಕುಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ಆಟ ಅವನ ಹೆಸರಿನ ಅಕ್ಷರಗಳಿಂದಲೇ ಪಡೆಯುತ್ತಿತ್ತು. ಹೆಸರಿಟ್ಟ ಮಗುವಿನ ಹಣೆಬರಹ ಅಕ್ಷರಶಃ ಹೆಸರಿನಲ್ಲೇ ಇತ್ತು. ಅವನು ಎಲ್ಲೆಲ್ಲಿ ಅಲೆದ, ಯಾವ ಗುಹೆಯಲ್ಲಿ ದಾರಿ ತಪ್ಪಿದ ಎಂಬುದು ಎಲ್ಲಿಯೂ ದಾಖಲಾಗುತ್ತಿರಲಿಲ್ಲ, ಮಂತ್ರ ಹೇಳಿದವನು ಪ್ರತಿಸಲವೂ ರಾಜನ ಮುಂದೆಯೇ ಎಚ್ಚರಗೊಳ್ಳುತ್ತಿದ್ದ.

ಮುಂದೆ ಕಾರ್ಟ್ರಿಜ್‌ನೊಳಗೆ ಪುಟ್ಟ ಲಿಥಿಯಂ ಬ್ಯಾಟರಿ ಸೇರಿತು, ಆಮೇಲೆ ಹಾರ್ಡ್ ಡಿಸ್ಕ್ ಬಂದಿತು, ಸೇವ್ ಫೈಲ್‌ಗಳು ಊದಿಕೊಂಡವು. ಸ್ಕೈರಿಮ್‌ನ ಫೈಲ್ ಹಲವು ಮೆಗಾಬೈಟ್‌ಗಳಿಗೆ ಬೆಳೆಯುತ್ತದೆ, ಏಕೆಂದರೆ ಆಟಗಾರನ ಕಾಲು ತಾಗಿ ಉರುಳಿದ ಬಟ್ಟಲು ಎಲ್ಲಿ ಬಿದ್ದಿದೆ ಎಂಬುದನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಆದರೂ ಕಥೆಯ ಮಟ್ಟಿಗೆ ಆಟದ ನೆನಪೆಂದರೆ ಇಂದಿಗೂ ಸಾಲು ಸಾಲು ಫ್ಲ್ಯಾಗ್‌ಗಳೇ, ಅಂದರೆ ಹೌದು-ಅಲ್ಲ ಗುರುತುಗಳೇ: ಇವನು ಬದುಕಿದ್ದಾನೆ 1, ಅವಳು ಸತ್ತಿದ್ದಾಳೆ 0. ಮುಂದಿನ ಭಾಗವನ್ನು ಬರೆಯುವವರಿಗೆ ತಲೆನೋವು ಶುರುವಾಗುವುದೂ ಇಲ್ಲಿಯೇ. ಪರಸ್ಪರ ಸಂಬಂಧವಿಲ್ಲದ ಹತ್ತು ತೀರ್ಮಾನಗಳು 1,024 ಬೇರೆಬೇರೆ ಲೋಕಗಳನ್ನು ಹುಟ್ಟಿಸುತ್ತವೆ, ಇಪ್ಪತ್ತಾದರೆ 10,48,576. ಇಷ್ಟೂ ಲೋಕಗಳಿಗೆ ಸಲ್ಲುವ ಒಂದೇ ಕಥೆಯನ್ನು ಬರೆಯುವುದು ಯಾರಿಂದಲೂ ಆಗದ ಕೆಲಸ. ಡ್ರ್ಯಾಗನ್ ಏಜ್ ಸರಣಿಯ ತಯಾರಕರು 2014ರಲ್ಲಿ ಮೂರನೆಯ ಭಾಗದ ಜೊತೆಗೆ, ಆಟಗಾರರು ತಮ್ಮ ಹಳೆಯ ತೀರ್ಮಾನಗಳನ್ನು ಒಂದೊಂದಾಗಿ ತುಂಬಬಹುದಾದ ಡ್ರ್ಯಾಗನ್ ಏಜ್ ಕೀಪ್ ಎಂಬ ಪ್ರತ್ಯೇಕ ಜಾಲತಾಣವನ್ನೇ ಕಟ್ಟಿದರು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ ಕೊನೆಗೆ ಬಂದ ನಾಲ್ಕನೆಯ ಭಾಗವು ಹಿಂದಿನ ತೀರ್ಮಾನಗಳಲ್ಲಿ ಕೇವಲ ಮೂರನ್ನು ಕೇಳಿ ಸುಮ್ಮನಾಯಿತು. ನೂರಾರು ಗಂಟೆ ಆಡಿದವರಿಗೆ ಇದು ನೋವುಂಟುಮಾಡಿದ್ದು ಸಹಜವೇ, ಆದರೆ ಎರಡರ ಘಾತಗಳ ಲೆಕ್ಕವನ್ನು ನೋಡಿದವನಿಗೆ ಆಶ್ಚರ್ಯವಾಗದು.

ಇನ್ನು ಮನುಷ್ಯನ ಕಡೆಗೆ ಬರೋಣ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ ತಮ್ಮ ಪರಿಸರಕ್ಕೆ ಅಪರಿಚಿತವಾದ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಜನರಿಗೆ ಓದಲು ಕೊಟ್ಟು, ದಿನಗಳು, ತಿಂಗಳುಗಳು ಕಳೆದ ಮೇಲೆ ಮತ್ತೆ ಮತ್ತೆ ಹೇಳಿಸಿದರು. 1932ರಲ್ಲಿ ಪ್ರಕಟವಾದ ಅವರ ಫಲಿತಾಂಶಗಳ ಪ್ರಕಾರ ಕಥೆ ಪ್ರತಿಸಲವೂ ಕುಗ್ಗಿತು, ಅರ್ಥವಾಗದ ಭಾಗಗಳು ಉದುರಿದವು, ಕಥೆಯಲ್ಲಿದ್ದ ಕನೂ (ಮೂಲನಿವಾಸಿಗಳ ಕಿರಿದಾದ ದೋಣಿ) ಓದಿದವರಿಗೆ ಪರಿಚಿತವಾದ ಸಾಮಾನ್ಯ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ನೆನಪೆಂದರೆ ಇಟ್ಟದ್ದನ್ನು ಹಾಗೆಯೇ ಹೊರತೆಗೆಯುವ ಕೆಲಸವಲ್ಲ, ಉಳಿದ ಚೂರುಗಳಿಂದ ಪ್ರತಿಸಲ ಹೊಸದಾಗಿ ಕಟ್ಟುವ ಕೆಲಸವೆಂದು ಬಾರ್ಟ್ಲೆಟ್ ತೀರ್ಮಾನಿಸಿದರು. 1998ರ ಡಿಸೆಂಬರ್‌ನಲ್ಲಿ ಬಂದ ಮೊದಲ ಬಾಲ್ಡರ್ಸ್ ಗೇಟ್‌ನ ಕಥೆಯನ್ನು ಈಗ ಹೇಳು ಎಂದರೆ ನಾನೂ ಹಾಗೆಯೇ ಕಟ್ಟುತ್ತೇನೆ. ಆ ನಾಡಿನಲ್ಲಿ ಕಬ್ಬಿಣಕ್ಕೆ ಏನೋ ಸೋಂಕು ತಗಲಿ, ಹೊಡೆದಾಟದ ನಡುವೆ ಕತ್ತಿಗಳು ಪಟಪಟನೆ ಮುರಿಯುತ್ತಿದ್ದುದು ಚೆನ್ನಾಗಿ ನೆನಪಿದೆ. ಐರನ್ ಥ್ರೋನ್ ಎಂಬ ವ್ಯಾಪಾರಿ ಕೂಟಕ್ಕೂ ಅದಕ್ಕೂ ಏನು ಸಂಬಂಧವೆಂಬುದು ಮಾತ್ರ ಮತ್ತೆ ಆಡುವವರೆಗೆ ನೆನಪಿರಲಿಲ್ಲ.

ಆದರೆ ದಾರಿ ನೆನಪಿತ್ತು! ಆರಂಭದ ಕೋಟೆಯಿಂದ ಹೊರಬಿದ್ದು ಫ್ರೆಂಡ್ಲಿ ಆರ್ಮ್ ಎಂಬ ಛತ್ರವನ್ನು ತಲುಪುವವರೆಗೆ ನಾನು ನಕ್ಷೆ ತೆರೆಯಲೇ ಇಲ್ಲ. ಛತ್ರದ ಮೆಟ್ಟಿಲು ಕಂಡೊಡನೆ ಕೈ ತಾನಾಗಿ ಆಟವನ್ನು ತಡೆದು ನಿಲ್ಲಿಸಿತು. ಆ ಮೆಟ್ಟಿಲುಗಳ ಮೇಲೆ ಹೊಸಬರನ್ನು ಕ್ಷಣದಲ್ಲಿ ಮುಗಿಸುವ ಮಾಂತ್ರಿಕನೊಬ್ಬ ಕಾದಿರುತ್ತಾನೆ ಎಂಬುದು ಬುದ್ಧಿಗೆ ಹೊಳೆದದ್ದು ಆಮೇಲೆ. ಇದಕ್ಕೆ ನರವಿಜ್ಞಾನದಲ್ಲಿ ಸಾಕಷ್ಟು ಗಟ್ಟಿಯಾದ ಹಿನ್ನೆಲೆಯಿದೆ. 1971ರಲ್ಲಿ ಜಾನ್ ಓಕೀಫ್ ಅವರು ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ, ಅದು ಒಂದು ನಿರ್ದಿಷ್ಟ ಜಾಗದಲ್ಲಿದ್ದಾಗ ಮಾತ್ರ ಸ್ಪಂದಿಸುವ ಸ್ಥಳಕೋಶಗಳನ್ನು ಗುರುತಿಸಿದ್ದರು. ಈ ಬಗೆಯ ಕೆಲಸಕ್ಕಾಗಿ ಅವರಿಗೂ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಅವರಿಗೂ 2014ರಲ್ಲಿ ನೊಬೆಲ್ ದೊರೆಯಿತು. ಮನುಷ್ಯರಲ್ಲೂ ಅಂಥ ಕೋಶಗಳಿವೆ ಎಂಬುದಕ್ಕೆ 2003ರಲ್ಲಿ ಸಿಕ್ಕ ನೇರ ಸಾಕ್ಷ್ಯ ಬಂದದ್ದು ಒಂದು ವಿಡಿಯೊ ಆಟದಿಂದ. ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನೊಳಗೆ ವಿದ್ಯುದ್ವಾರಗಳನ್ನು ಇರಿಸಲಾಗಿದ್ದ ಏಳು ರೋಗಿಗಳು ಪರದೆಯ ಮೇಲಿನ ಪುಟ್ಟ ಪಟ್ಟಣವೊಂದರಲ್ಲಿ ಟ್ಯಾಕ್ಸಿ ಓಡಿಸುತ್ತಾ ಪ್ರಯಾಣಿಕರನ್ನು ಅಂಗಡಿಗಳಿಗೆ ತಲುಪಿಸಿದರು. ಅವರು ಪಟ್ಟಣದ ಇಂತಿಂಥ ಜಾಗದಲ್ಲಿದ್ದಾಗ ಇಂತಿಂಥ ಕೋಶಗಳು ಸ್ಪಂದಿಸಿದವು. ರೋಗಿಗಳು ಹಾಸಿಗೆ ಬಿಟ್ಟು ಕದಲಿರಲಿಲ್ಲ. ಪರದೆಯ ಮೇಲಿನ ಊರನ್ನೂ ಹಿಪೊಕ್ಯಾಂಪಸ್ ಊರೆಂದೇ ಎಣಿಸುತ್ತದೆ ಎಂದಾಯಿತು.

ಹಳೆಯ ಆಟಗಳು ಈ ಶಕ್ತಿಯನ್ನು ಈಗಿನವುಗಳಿಗಿಂತ ಹೆಚ್ಚು ದುಡಿಸಿಕೊಂಡವೆಂದು ನನ್ನ ಅಭಿಪ್ರಾಯ. ದಿ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮೂರನೆಯ ಭಾಗವಾದ 2002ರ ಮಾರೋವಿಂಡ್‌ನಲ್ಲಿ ಹೋಗಬೇಕಾದ ಜಾಗವನ್ನು ತೋರಿಸುವ ಬಾಣದ ಗುರುತು ಇರಲಿಲ್ಲ. ದಾರಿಯನ್ನು ಊರಿನವರನ್ನು ಕೇಳಬೇಕಿತ್ತು, ಅವರು ಸೇತುವೆ ದಾಟಿ ಎಡಕ್ಕೆ ಹೊರಳು, ಬಂಡೆಯ ಬಳಿ ಉತ್ತರಕ್ಕೆ ನಡೆ ಎಂದು ಮಾತಿನಲ್ಲಿ ಹೇಳುತ್ತಿದ್ದರು, ಕೆಲವೊಮ್ಮೆ ತಪ್ಪಾಗಿಯೂ ಹೇಳುತ್ತಿದ್ದರು. ಅದರ ಮುಂದಿನ ಭಾಗವಾದ 2006ರ ಆಬ್ಲಿವಿಯನ್‌ನಲ್ಲಿ ದಿಕ್ಸೂಚಿಯ ಮೇಲೆ ಗುರುತು ಬಂದಿತು, ಅಂದಿನಿಂದ ಬಹಳಷ್ಟು ಆಟಗಾರರು ನೆಲವನ್ನು ನೋಡುವುದು ಬಿಟ್ಟು ಗುರುತನ್ನು ಹಿಂಬಾಲಿಸತೊಡಗಿದರು. ಜಿಪಿಎಸ್ ವಿಷಯದಲ್ಲೂ ಇಂಥದೇ ಸಂಶಯವಿದೆ: ಮೆಕ್‌ಗಿಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿಪಿಎಸ್ಸನ್ನು ಹೆಚ್ಚು ನೆಚ್ಚಿಕೊಂಡ ಚಾಲಕರ ಸ್ಥಳಸ್ಮರಣೆ ದುರ್ಬಲವಾಗಿತ್ತು. ಪರೀಕ್ಷೆಗೊಳಗಾದವರು ಕೆಲವೇ ಮಂದಿಯಾದ್ದರಿಂದ ಅದನ್ನು ಕೊನೆಯ ಮಾತೆಂದು ಹಿಡಿಯಬಾರದು.

ಮಾರೋವಿಂಡ್‌ಗೆ ಮರಳಿದವರನ್ನು ಕಾಡುವ ಇನ್ನೊಂದು ಸಂಗತಿಯೆಂದರೆ ಅದರ ದ್ವೀಪ ನೆನಪಿನಲ್ಲಿದ್ದಷ್ಟು ದೊಡ್ಡದಾಗಿಲ್ಲದಿರುವುದು. ಆಗಿನ ಕಂಪ್ಯೂಟರ್‌ಗಳಿಗೆ ದೂರದ ಬೆಟ್ಟಗಳನ್ನು ಚಿತ್ರಿಸುವ ಶಕ್ತಿ ಇಲ್ಲದ ಕಾರಣ ಆಟವು ಎಲ್ಲವನ್ನೂ ಮಂಜಿನಲ್ಲಿ ಮುಚ್ಚಿತ್ತು. ಅಭಿಮಾನಿಗಳು ಮಾಡಿದ ಬದಲಾವಣೆಗಳಿಂದ ಮಂಜನ್ನು ಸರಿಸಿದರೆ ಒಂದು ಊರಿನಿಂದ ಇನ್ನೊಂದು ಊರು ಕಣ್ಣಳತೆಯಲ್ಲೇ ಕಾಣುತ್ತದೆ. ಮಂಜಿನ ಜೊತೆಗೆ ಆರಂಭದ ನಾಯಕನ ಆಮೆನಡಿಗೆ ಮತ್ತು ಬೆಟ್ಟಗಳ ನಡುವೆ ಸುತ್ತಿ ಬಳಸಿ ಹೋಗುವ ಹಾದಿಗಳೂ ಸೇರಿದವು. ಒಂದೇ ಉದ್ದದ ಎರಡು ಹಾದಿಗಳಲ್ಲಿ ಹೆಚ್ಚು ತಿರುವುಗಳಿರುವುದೇ ಉದ್ದವೆಂದು ನಡೆದವರಿಗೆ ತೋರುತ್ತದೆ ಎಂಬುದನ್ನು 1980ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿಕೊಟ್ಟಿತ್ತು. ಪ್ರತಿ ತಿರುವೂ ನೆನಪಿನಲ್ಲಿ ಒಂದು ಪ್ರತ್ಯೇಕ ತುಂಡಾಗಿ ಕೂರುತ್ತದೆ, ತುಂಡುಗಳು ಹೆಚ್ಚಿದಷ್ಟೂ ದೂರ ಹಿಗ್ಗುತ್ತದೆ.

ದಾಳಗಳ ವಿಷಯದಲ್ಲಿ ನೆನಪು ಇನ್ನೂ ಅನ್ಯಾಯ ಮಾಡುತ್ತದೆ. ಮೊದಲೆರಡು ಬಾಲ್ಡರ್ಸ್ ಗೇಟ್ ಆಟಗಳು, ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಎರಡನೆಯ ಆವೃತ್ತಿಯ ನಿಯಮಗಳ ಮೇಲೆ ನಿಂತಿವೆ. ಅಲ್ಲಿ ರಕ್ಷಣೆಯ ಅಂಕ ಕಡಿಮೆಯಾದಷ್ಟೂ ಒಳ್ಳೆಯದು, ಮೈಮೇಲೆ ಕವಚವಿಲ್ಲದವನದು 10. ಏಟು ತಾಗಬೇಕಾದರೆ 20 ಮುಖಗಳ ದಾಳದಲ್ಲಿ, ಹೊಡೆಯುವವನ ಕೌಶಲವನ್ನು ಸೂಚಿಸುವ ಥಾಕೊ ಎಂಬ ಅಂಕದಿಂದ ಎದುರಾಳಿಯ ರಕ್ಷಣಾಂಕವನ್ನು ಕಳೆದಷ್ಟಾದರೂ ಬೀಳಬೇಕು. ಹೊಸ ನಾಯಕನ ಥಾಕೊ 20, ಎದುರಾಳಿಯ ರಕ್ಷಣೆ 4 ಎಂದರೆ 16 ಅಥವಾ ಹೆಚ್ಚು ಬೀಳಬೇಕು, ಅಂದರೆ 25 ಶೇಕಡಾ ಸಂಭವ. ಎಂಟು ಏಟುಗಳು ಸತತವಾಗಿ ಹುಸಿಯಾಗುವ ಸಂಭವ 0.75ರ ಎಂಟನೆಯ ಘಾತ, ಸುಮಾರು ಹತ್ತರಲ್ಲಿ ಒಂದು. ಹತ್ತು ಕಾಳಗಗಳಲ್ಲಿ ಒಮ್ಮೆ ಹೀಗಾಗುವುದು ಲೆಕ್ಕಕ್ಕೆ ಸರಿಯೇ, ಆದರೆ ಆಟಗಾರನಿಗೆ ಉಳಿದ ಒಂಬತ್ತು ಮರೆತು ಅದೊಂದೇ ಉಳಿಯುತ್ತದೆ, ದಾಳ ಮೋಸದ್ದೆಂಬ ಕೋಪವೂ ಉಳಿಯುತ್ತದೆ. ಮೂರನೆಯ ಭಾಗದ ತಯಾರಕರು ಈ ಕೋಪವನ್ನು ಚೆನ್ನಾಗಿ ಬಲ್ಲವರು. ಸತತ ಸೋಲುಗಳ ಸರಣಿಯನ್ನು ಮುರಿಯುವಂತೆ ದಾಳವನ್ನು ತುಸು ಬಾಗಿಸುವ 'ಕಾರ್ಮಿಕ್ ಡೈಸ್' ಎಂಬ ವ್ಯವಸ್ಥೆಯನ್ನು ಅವರು ಅಳವಡಿಸಿದ್ದಾರೆ, ಬೇಡವಾದವರು ಅದನ್ನು ಆಫ್ ಮಾಡಿಕೊಳ್ಳಬಹುದು. ಪ್ರಾಮಾಣಿಕವಾದ ದಾಳಕ್ಕಿಂತ ಪಕ್ಷಪಾತದ ದಾಳವೇ ಮನುಷ್ಯರಿಗೆ ನ್ಯಾಯವಾಗಿ ಕಾಣುವುದು ತಮಾಷೆಯ ಸಂಗತಿ.

ಹಾಗೆಂದು ಯಂತ್ರದ ನೆನಪನ್ನು ಪೂರ್ತಿ ನಂಬುವಂತಿಲ್ಲ. ಹಳೆಯ ಕಾರ್ಟ್ರಿಜ್‌ಗಳ ಲಿಥಿಯಂ ಬ್ಯಾಟರಿಗಳು ದಶಕಗಳ ಬಳಿಕ ಬರಿದಾಗಿ, ಅವು ಕಾಪಾಡುತ್ತಿದ್ದ ಸಾಹಸಗಳು ಅಳಿಸಿಹೋಗುತ್ತಿವೆ. ಸ್ಕೈರಿಮ್‌ನ ಮೂಲ ಆವೃತ್ತಿಯಲ್ಲಿ ವಸ್ತುಗಳ ಚಲನೆಯ ಲೆಕ್ಕ ಸೆಕೆಂಡಿಗೆ 60 ಚಿತ್ರಗಳ ವೇಗಕ್ಕೆ ಹೊಂದಿಕೊಂಡಿದ್ದುದರಿಂದ, ಅದಕ್ಕಿಂತ ವೇಗದ ಕಂಪ್ಯೂಟರಿನಲ್ಲಿ ಆಡಿದರೆ ಆರಂಭದ ದೃಶ್ಯದ ಗಾಡಿಯೇ ಗಾಳಿಗೆ ಹಾರುತ್ತದೆ. ಬಾಲ್ಡರ್ಸ್ ಗೇಟ್‌ನ ಕುಟುಂಬಕ್ಕೇ ಸೇರಿದ 2002ರ ಐಸ್‌ವಿಂಡ್ ಡೇಲ್ 2 ಆಟದ ಮೂಲ ಸಂಕೇತ (ಸೋರ್ಸ್ ಕೋಡ್) ಎಷ್ಟು ಹುಡುಕಿದರೂ ಸಿಗದ ಕಾರಣ, ಅದೇ ಕುಟುಂಬದ ಇತರ ಆಟಗಳಿಗೆ ದೊರೆತ ನವೀಕೃತ ಆವೃತ್ತಿ ಅದಕ್ಕೆ ದೊರೆಯಲಿಲ್ಲ.

ನನ್ನ ಹಳೆಯ ಡಿಸ್ಕಿನಲ್ಲಿ ಬಾಲ್ಡರ್ಸ್ ಗೇಟ್‌ನ ಒಂದು ಸೇವ್ ಫೈಲ್ ಮಾತ್ರ ಸರಿಯಾಗಿ ಉಳಿದಿತ್ತು. ತೆರೆದಾಗ ಆರು ಮಂದಿಯ ತಂಡ ಮುಚ್ಚಿದ ಬಾಗಿಲೊಂದರ ಮುಂದೆ ನಿಂತಿತ್ತು. ಪ್ರತಿಯೊಬ್ಬರ ಮಟ್ಟ, ಚೀಲದ ಚಿನ್ನ, ಬಿಲ್ಲಿನ ಬಾಣಗಳ ಎಣಿಕೆ ಎಲ್ಲವೂ ಒಂದಂಕಿ ತಪ್ಪದೆ ದಾಖಲಾಗಿದ್ದವು. ಇಲ್ಲಿಯೇ ಏಕೆ ನಿಲ್ಲಿಸಿದ್ದೆ ಎಂಬುದು ಫೈಲಿನಲ್ಲಿ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಬಾಗಿಲು ತೆರೆದೆ. ಅರ್ಧ ನಿಮಿಷದೊಳಗೆ ಆರೂ ಮಂದಿ ನೆಲಕ್ಕುರುಳಿದ ಮೇಲೆ ಕಾರಣ ತಿಳಿಯಿತು.