ಹವ್ಯಾಸಿ ಡೈವಿಂಗ್ ನೌಕಾಪಡೆಯಲ್ಲಿ ಕೈಹಿಡಿಯುತ್ತದೆಯೇ?

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಕಲಿತ ತರುಣರೊಬ್ಬರು ನೌಕಾಪಡೆಯ ಮುಳುಗು ತಜ್ಞರಾಗಲು ಹೊರಟರೆನ್ನಿ. ಆ ಅನುಭವ ಖಂಡಿತ ನೆರವಾಗುತ್ತದೆ. ಆದರೆ ನೆರವಾಗುವುದು ಅವರು ಹೆಮ್ಮೆಪಡುವ ಕೌಶಲವಲ್ಲ.

ಹವ್ಯಾಸಿಯ ಬೆನ್ನಿಗಿರುವುದು ಗಾಳಿಯ ಸಿಲಿಂಡರ್. ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಮೇಲೇರುತ್ತದೆ. ಶತ್ರುವಿನ ಬಂದರಿನಲ್ಲಿ ಆ ಗುಳ್ಳೆಗಳೇ ಸುಳಿವು ಕೊಟ್ಟುಬಿಡುತ್ತವೆ. ಅದಕ್ಕೇ ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೊಗಳು ರಿಬ್ರೀದರ್ ಎಂಬ ಸಾಧನ ಬಳಸುತ್ತಾರೆ. ಅದರಲ್ಲಿ ಬಿಟ್ಟ ಉಸಿರು ಒಂದು ಚೀಲ ಸೇರುತ್ತದೆ. ಉಸಿರಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಸೋಡಾ ಲೈಮ್ ಎಂಬ ಸುಣ್ಣದ ಮಿಶ್ರಣ ಹೀರಿಕೊಳ್ಳುತ್ತದೆ. ಆಮ್ಲಜನಕ ಮತ್ತೆ ಬಾಯಿಗೆ ಬರುತ್ತದೆ.

ಹಳೆಯ ರೂಢಿ ಕಾಲಿಗೆ ತೊಡರುವುದು ಇಲ್ಲಿಯೇ. ಸ್ಕೂಬಾದಲ್ಲಿ ಉಸಿರೆಳೆದರೆ ಮೈ ತುಸು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಹವಳದ ಮೇಲೆ ಗೇಣುದ್ದ ಅಂತರದಲ್ಲಿ ಅಲುಗದೆ ನಿಲ್ಲುವ ಚಂದದ ವಿದ್ಯೆ ಇದರಿಂದಲೇ ಬಂದದ್ದು. ರಿಬ್ರೀದರಿನಲ್ಲಿ ಶ್ವಾಸಕೋಶ ಕುಗ್ಗಿದಷ್ಟೇ ಚೀಲ ಹಿಗ್ಗುತ್ತದೆ. ಒಟ್ಟು ಗಾತ್ರ ಬದಲಾಗದ ಕಾರಣ ಎಷ್ಟು ಉಸಿರೆಳೆದರೂ ಮೈ ಮೇಲೇಳುವುದಿಲ್ಲ.

ಆಳದ ಲೆಕ್ಕವೂ ತಲೆಕೆಳಗು. ಹೊಸ ಹವ್ಯಾಸಿಗೂ 18 ಮೀಟರ್‌ವರೆಗೆ ಅನುಮತಿಯುಂಟು. ಸೀಲ್‌ಗಳ ರಿಬ್ರೀದರಿನಲ್ಲಿರುವಂತೆ ಶುದ್ಧ ಆಮ್ಲಜನಕವಾದರೆ 6 ಮೀಟರ್ ಆಳದಲ್ಲೇ ಅದರ ಒತ್ತಡ ನೀರಿನ ಮೇಲಿನ ಗಾಳಿಯೊತ್ತಡದ 1.6 ಪಟ್ಟಿಗೆ ಏರುತ್ತದೆ. ಇನ್ನೂ ಕೆಳಗಿಳಿದು ಹೆಚ್ಚು ಹೊತ್ತು ನಿಂತರೆ ಪ್ರಾಣವಾಯುವೇ ಮಿದುಳಿಗೆ ವಿಷವಾಗಿ ಫಿಟ್ಸ್ ಬರಬಹುದು.

ಹವ್ಯಾಸದ ನಿಜವಾದ ಲಾಭ ಗಾಬರಿಯನ್ನು ತಡೆಯುವುದರಲ್ಲಿದೆ. ಸೀಲ್ ತರಬೇತಿಯ ಒಂದು ಪರೀಕ್ಷೆಯಲ್ಲಿ ಬೋಧಕರೇ ಈಜುಕೊಳದ ತಳದಲ್ಲಿ ಅಭ್ಯರ್ಥಿಯ ಮೇಲೆರಗಿ ಮುಖವಾಡ ಕಿತ್ತು, ಗಾಳಿಯ ಕೊಳವೆಯನ್ನು ಗಂಟು ಹಾಕುತ್ತಾರೆ. ಉಸಿರು ಕಟ್ಟಿದಾಗ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್ 'ಈಗಲೇ ಉಸಿರೆಳೆ' ಎಂದು ಒತ್ತಾಯಿಸುತ್ತದೆ. ದೇಹದಲ್ಲಿ ಆಮ್ಲಜನಕ ಇನ್ನೂ ಸಾಕಷ್ಟಿರುವಾಗಲೇ ಈ ಒತ್ತಾಯ ಶುರುವಾಗುತ್ತದೆ. ಮುಖವಾಡದೊಳಗೆ ನೀರು ನುಗ್ಗಿದರೂ ಅದನ್ನು ಸಾವಧಾನವಾಗಿ ಹೊರಹಾಕಿ ರೂಢಿಯಿದ್ದವರು ಗಾಬರಿಯಾಗದೆ ಆ ಉಳಿದ ಕ್ಷಣಗಳನ್ನು ಬಳಸಿಕೊಳ್ಳುತ್ತಾರೆ. ಕೊಳವೆಯ ಗಂಟನ್ನು ಕಣ್ಣಿಲ್ಲದೆ ಬೆರಳಲ್ಲೇ ಹುಡುಕಿ ಬಿಡಿಸುತ್ತಾರೆ. ಈ ಸಮಾಧಾನಕ್ಕೆ ನಾನು ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚಿನ ಬೆಲೆ ಕೊಡುತ್ತೇನೆ.

ಆಸೆಯಿರುವವರು ಕಿವಿಯನ್ನೂ ಜೋಪಾನ ಮಾಡಬೇಕು. ಮೊದಲ 10 ಮೀಟರಿನಲ್ಲೇ ಒತ್ತಡ ಇಮ್ಮಡಿಯಾಗುತ್ತದೆ. ನೆಗಡಿಯಿದ್ದರೂ ದುಡ್ಡು ಕಟ್ಟಾಗಿದೆಯೆಂದು ಇಳಿದು ಕಿವಿತಮಟೆ ಹರಿದುಕೊಂಡರೆ, ಮುಂದೆ ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲೇ ದಾರಿ ಮುಚ್ಚಬಹುದು.