ಒಗರಿಗೆ ತಕ್ಕ ತುತ್ತು

ಗಟ್ಟಿ ರೆಡ್ ವೈನಿನ ಮೊದಲ ಗುಟುಕಿಗೇ ಮುಖ ಕಿವುಚಿ, "ಅಯ್ಯೋ, ಕಹಿ" ಎಂದು ಗ್ಲಾಸ್ ಕೆಳಗಿಡುವವರನ್ನು ವೈನ್ ಬಡಿಸುವ ನನ್ನ ಕೆಲಸದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ನಾನು ಹೇಳುವುದಿಷ್ಟೇ: ನಾಲಿಗೆಯನ್ನು ಒಸಡಿನ ಮೇಲೆ ಒಮ್ಮೆ ಸವರಿ ನೋಡಿ, ಜಾರುತ್ತದೆಯೋ ತಡೆಯುತ್ತದೆಯೋ? ತಡೆದರೆ ಅದು ಒಗರು. ಬಲಿಯದ ಬಾಳೆಕಾಯಿ ಕಚ್ಚಿದಾಗ ಬಾಯಿ ಬಿಗಿಯುತ್ತದಲ್ಲ, ಅದೇ. ಕಹಿ ರುಚಿಯಾದರೆ ಒಗರು ಬಹುಮಟ್ಟಿಗೆ ಸ್ಪರ್ಶದ ಅನುಭವ. ಇದಕ್ಕೆ ಕನ್ನಡದಲ್ಲಿ ಇಷ್ಟು ಖಚಿತವಾದ ಮಾತಿರುವುದು ನನಗಂತೂ ದೊಡ್ಡ ಅನುಕೂಲ.

ಒಗರಿನ ಮೂಲ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಒಂದು ಬಗೆಯ ಸಂಯುಕ್ತ. ಕಪ್ಪು ದ್ರಾಕ್ಷಿಯ ಬಹುಪಾಲು ತಳಿಗಳ ರಸಕ್ಕೆ ಬಣ್ಣವೇ ಇರುವುದಿಲ್ಲ. ಸಿಪ್ಪೆ, ಬೀಜಗಳ ಜೊತೆ ರಸ ದಿನಗಟ್ಟಲೆ ಹುದುಗುವಾಗ ಬಣ್ಣವೂ ಟ್ಯಾನಿನ್ನೂ ಅದಕ್ಕೆ ಇಳಿಯುತ್ತವೆ. ಓಕ್ ಪೀಪಾಯಿಯಿಂದಲೂ ಸ್ವಲ್ಪ ಬರುತ್ತದೆ. ಬಾಯಿಗೆ ಬಂದ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗರಣೆಗಟ್ಟಿಸುತ್ತದೆ. ಜೊಲ್ಲಿನ ಜಾರುಗುಣ ಹೋಗಿ ಬಾಯಿ ಒಣಗಿದಂತಾಗುತ್ತದೆ. ಬಣ್ಣ ನೋಡಿ ಒಗರು ಅಳೆಯಲು ಮಾತ್ರ ಹೋಗಬೇಡಿ. ಇಟಲಿಯ ಬರೋಲೊ ವೈನಿನ ನೆಬ್ಬಿಯೋಲೊ ದ್ರಾಕ್ಷಿ ಕೊಡುವುದು ತೆಳುಗೆಂಪು ಬಣ್ಣ. ಒಗರಿನಲ್ಲಿ ಅದು ಕಡುಗೆಂಪು ವೈನ್ ಕೊಡುವ ಕ್ಯಾಬರ್ನೆ ಸೊವಿನ್ಯೊಂ ದ್ರಾಕ್ಷಿಗೆ ಸರಿಸಾಟಿ.

ಹೆಚ್ಚು ಹೊತ್ತು ಕುದಿಸಿದ ಚಹಾಕ್ಕೆ ಹಾಲು ಬಿದ್ದೊಡನೆ ಒಗರು ತಗ್ಗುತ್ತದೆ. ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಂಡರೆ ನಮ್ಮ ಜೊಲ್ಲು ಉಳಿಯುತ್ತದೆ. ಈ ವೈನಿಗೆ ಜೊತೆ ಹುಡುಕುವಾಗ ಇದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿದಂತೆ. ಕೆಲಸ ಕಲಿಯಲು ಬರುವವರಿಗೆ ನಾನು ಮೊದಲು ಮಾಡಿಸುವುದೂ ಇದನ್ನೇ. ಒಂದು ಗುಟುಕು ವೈನ್ ಕುಡಿದು ಬಾಯಿ ಬಿಗಿಯುವವರೆಗೆ ಸುಮ್ಮನಿರಬೇಕು. ಆಮೇಲೆ ಬಹಳ ತಿಂಗಳು ಮಾಗಿದ ಗಟ್ಟಿ ಚೀಸಿನ ಚೂರನ್ನು ನುಣ್ಣಗಾಗುವಂತೆ ಅಗಿದು ನುಂಗಿ, ಅದರ ಜಿಡ್ಡು ಬಾಯಲ್ಲಿರುವಾಗಲೇ ಇನ್ನೊಂದು ಗುಟುಕು. ಅದೇ ಬಾಟಲಿ, ಅದೇ ಗ್ಲಾಸ್. ಆದರೆ ಒಗರಿನ ಹಿಂದೆ ಅಡಗಿದ್ದ ಕಪ್ಪು ಹಣ್ಣುಗಳ ರುಚಿ ಈಗ ಮುಂದೆ ಬಂದಿರುತ್ತದೆ. ಚೀಸಿನ ಉಪ್ಪೂ ಕಹಿಯನ್ನು ತಗ್ಗಿಸಿರುತ್ತದೆ. ಅವರ ಹುಬ್ಬು ಮೇಲೇರುವ ಆ ಗಳಿಗೆ ನನಗೆ ಇಂದಿಗೂ ಖುಷಿ.

ಕೆಂಡದ ಮೇಲೆ ಸುಟ್ಟ ಕೊಬ್ಬಿನ ಕುರಿಮಾಂಸ, ನಿಧಾನವಾಗಿ ಬೇಯಿಸಿದ ಪಕ್ಕೆಲುಬು ಈ ವೈನಿಗೆ ಹೊಂದುವುದೂ ಹೀಗೆಯೇ. ಮಾಂಸ ತಿನ್ನದವರಿಗೆ ಸಾಮಾನ್ಯವಾಗಿ ಅಣಬೆ ಸೂಚಿಸುತ್ತಾರೆ. ನಾನೂ ಸೂಚಿಸುತ್ತೇನೆ, ಒಂದು ಎಚ್ಚರಿಕೆಯೊಂದಿಗೆ: ಅಣಬೆಯ ಉಮಾಮಿ, ಅಂದರೆ ಮಾಂಸದ ಸಾರಿನಲ್ಲಿ ಸಿಗುವಂಥ ರುಚಿ, ಒಂದೇ ಇದ್ದರೆ ಒಗರು ಇನ್ನಷ್ಟು ಒರಟಾಗುತ್ತದೆ. ಬೆಣ್ಣೆಯಲ್ಲಿ ಚೆನ್ನಾಗಿ ಹುರಿದು, ಉಪ್ಪನ್ನು ಧಾರಾಳವಾಗಿಯೇ ಹಾಕಿ.

ಶಿರಾಜ್ ಎಂಬ ದ್ರಾಕ್ಷಿಯ ರೆಡ್ ವೈನ್ ಕುಡಿಯುವವರು ಕರಿಮೆಣಸಿನ ಘಮವಿದೆ ಎಂದರೆ ಅದು ಬರಿಯ ಕಲ್ಪನೆಯಲ್ಲ. ಕರಿಮೆಣಸಿನಲ್ಲಿರುವ ರೊಟಂಡೋನ್ ಎಂಬ ಸಂಯುಕ್ತವೇ ಈ ವೈನಿನಲ್ಲೂ ಇರುವುದನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಸುಮಾರು 5 ಜನರಲ್ಲಿ ಒಬ್ಬರ ಮೂಗಿಗೆ ಅದು ಹತ್ತುವುದೇ ಇಲ್ಲ. ಹಾಗಾಗಿ ಒಂದೇ ಬಾಟಲಿಯ ಬಗ್ಗೆ ಗಂಡ ಹೆಂಡತಿ ವಾದಕ್ಕಿಳಿದರೆ ಇಬ್ಬರೂ ಸರಿಯಿರಬಹುದು. ಕರಿಮೆಣಸು ಹಚ್ಚಿ ಸುಟ್ಟ ಮಾಂಸ ಶಿರಾಜಿಗೆ ಬಹಳ ಚೆನ್ನಾಗಿ ಕೂಡುತ್ತದೆ. ಮೆಣಸಿನಕಾಯಿಯ ಖಾರದ ಮಾತು ಬೇರೆ. ಈ ವೈನುಗಳಲ್ಲಿ ಆಲ್ಕೋಹಾಲ್ ಹಲವೊಮ್ಮೆ ಶೇ. 14 ದಾಟುತ್ತದೆ, ಅದು ಖಾರದ ಉರಿಯನ್ನು ಹೆಚ್ಚಿಸುತ್ತದೆ.

ಮೀನು ಬೇಡ. ವೈನಿನಲ್ಲಿರುವ ಕಬ್ಬಿಣದ ಅಂಶ ಹೆಚ್ಚಿದಷ್ಟೂ ಮೀನಿನ ಹಸಿ ವಾಸನೆ ಬಾಯಲ್ಲಿ ಉಳಿಯುತ್ತದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ಕಂಡುಕೊಂಡರು. ಚಾಕಲೇಟ್ ಜೊತೆ ರೆಡ್ ವೈನ್ ಎಂಬ ಜನಪ್ರಿಯ ಜೋಡಿಯನ್ನೂ ನಾನು ಒಪ್ಪುವುದಿಲ್ಲ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಹುಳಿಯಾಗಿ, ಸಪ್ಪೆಯಾಗಿ ತೋರುತ್ತದೆ. ಎರಡೂ ಚೆನ್ನಾಗಿದ್ದು ಎರಡೂ ಕೆಡುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಇನ್ನು ಉಷ್ಣತೆ. 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಸೆಕೆಯ ಕೋಣೆಯಲ್ಲಿಟ್ಟ ಬಾಟಲಿಯಿಂದ ಮೂಗಿಗೆ ಮೊದಲು ಹೊಡೆಯುವುದು ಆಲ್ಕೋಹಾಲ್. ತೆರೆಯುವ ಮುನ್ನ 20 ನಿಮಿಷ ಫ್ರಿಜ್ಜಿನಲ್ಲಿಡಿ. ಮರೆತು ತೀರಾ ತಣ್ಣಗಾದರೆ ಒಗರು ಚುಚ್ಚುತ್ತದೆ. ಆಗ ಗ್ಲಾಸಿನ ಹೊಟ್ಟೆಯನ್ನು ಅಂಗೈಗಳಲ್ಲಿ ಹಿಡಿದು ಕೂತಿರಿ, ಅಷ್ಟರಲ್ಲಿ ಮಾಂಸ ಮೇಜಿಗೆ ಬಂದಿರುತ್ತದೆ.